ಮೊದಲ ರಿವಾಲ್ವರ್ ಕೊಳ್ಳುವವರಿಗೆ: ಲೈಸೆನ್ಸ್‌ನಿಂದ ಸೊಂಟದ ಹೋಲ್‌ಸ್ಟರ್‌ವರೆಗೆ

"ಲೈಸೆನ್ಸ್ ಆಗೋ ಹಂಗಿದೆ, ಯಾವ ಪಿಸ್ತೂಲು ತಗೊಳ್ಳಲಿ?" ಈ ಪ್ರಶ್ನೆ ಕೇಳುವವರು ಹೆಚ್ಚುಕಡಿಮೆ ಒಂದೇ ಥರದ ಜನ. ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರಿ, ಮಹಾಲಿಂಗಪುರದ ಬೆಲ್ಲದ ದಲಾಲಿ, ಇಳಕಲ್‌ನ ಗ್ರಾನೈಟ್ ಕ್ವಾರಿಯವರು, ಬೆಳಗಾವಿಯ ಚಿನ್ನದಂಗಡಿಯವರು, ಜೊತೆಗೆ ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು. ರಾತ್ರಿ ಹೊತ್ತು ರೊಕ್ಕ ಹಿಡಿದು ಓಡಾಡುವ ಕೆಲಸ ಇರುವವರು. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ವಿಷಯ. ಮೊಬೈಲ್‌ನಲ್ಲಿ ನೀವು ನೋಡುವ ವಿಡಿಯೋಗಳು ಮುಕ್ಕಾಲು ಪಾಲು ಅಮೆರಿಕದವು. ಅಲ್ಲಿನ 9 ಎಂಎಂ ಪಿಸ್ತೂಲು ನಮ್ಮಲ್ಲಿ ಸಾಮಾನ್ಯರಿಗೆ ಸಿಗುವುದಿಲ್ಲ. ಅಲ್ಲಿನ ಕಾನೂನೂ ನಮ್ಮದಲ್ಲ. ಅವರಿಗೆ ಆಯುಧ ಮುಚ್ಚಿಟ್ಟು ಒಯ್ಯುವುದು ಹಲವು ಕಡೆ ಒಂದು ಆಯ್ಕೆ. ನಮಗೆ ಅದು ಕಡ್ಡಾಯ. 2016ರ ಆಯುಧ ನಿಯಮಗಳಲ್ಲಿ 32ನೇ ನಿಯಮ ನೋಡಿ: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲೋ (ಆಯುಧ ಕೂರುವ ಒರೆ) ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ಅಂಗಿ ಎತ್ತಿ ತೋರಿಸಿದರೂ ಲೈಸೆನ್ಸ್ ಹೋಗಬಹುದು. ನಾಲ್ಕು ಮಂದಿಗೆ ಕಾಣಲಿ ಅಂತ ಆಸೆ ಇದ್ದರೆ ಇಲ್ಲೇ ಓದು ನಿಲ್ಲಿಸಿ, ರೊಕ್ಕ ಉಳಿಯುತ್ತದೆ.

ಹಂತ 1: ನಿಮಗೆ ಸಿಗುತ್ತದೆಯೇ ನೋಡಿಕೊಳ್ಳಿ

ಇಂಗ್ಲಿಷರು 1857ರಲ್ಲಿ ಆಯುಧಕ್ಕೆ ಲೈಸೆನ್ಸ್ ಕೇಳಿದಾಗ ಮುಧೋಳ ಹತ್ತಿರದ ಹಲಗಲಿ ಬೇಡರು ಸಿಡಿದೆದ್ದರು. ಆ ಅಭಿಮಾನ ಇರಲಿ, ಆದರೆ ಇವತ್ತು ನಡೆಯುವುದು 1959ರ ಆಯುಧ ಕಾಯ್ದೆ. ಕೊಡವರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಅವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೆ ಮಾತ್ರ, ನಮ್ಮ ಸೀಮೆಗೆ ಅನ್ವಯಿಸುವುದಿಲ್ಲ.

ವಯಸ್ಸು 21 ತುಂಬಿರಬೇಕು. ಹೊಡೆದಾಟ, ಹಿಂಸೆಯ ಕೇಸಿನಲ್ಲಿ ಶಿಕ್ಷೆ ಆಗಿದ್ದರೆ ಶಿಕ್ಷೆ ಮುಗಿದು 5 ವರ್ಷದವರೆಗೆ ದಾರಿ ಬಂದ್. ನಮ್ಮ ಕಡೆ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಅಣ್ಣತಮ್ಮಂದಿರ ಹೊಲದ ಜಗಳ, ಬದುವಿನ ತಕರಾರು, ಎರಡೂ ಕಡೆಯವರಿಂದ ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ, ಹಳೇ ಮಾತಿನಲ್ಲಿ 107 ಕೇಸು. ಆ ಮುಚ್ಚಳಿಕೆಯ ಅವಧಿ ಮುಗಿಯುವ ತನಕ ನೀವು ಲೈಸೆನ್ಸ್‌ಗೆ ಅರ್ಹರಲ್ಲ. ಅದನ್ನು ಮುಚ್ಚಿಟ್ಟು ಅರ್ಜಿ ಹಾಕಬೇಡಿ, ಠಾಣೆಯ ವರದಿಯಲ್ಲಿ ಬಂದೇ ಬರುತ್ತದೆ.

ಹಂತ 2: ಅರ್ಜಿ

ಬೆಳಗಾವಿ ನಗರದವರಿಗೆ ಪೊಲೀಸ್ ಕಮಿಷನರ್ ಕಚೇರಿ. ಬೆಳಗಾವಿ ಜಿಲ್ಲೆಯ ಉಳಿದ ತಾಲೂಕುಗಳು, ವಿಜಯಪುರ, ಬಾಗಲಕೋಟೆಯವರಿಗೆ ಜಿಲ್ಲಾಧಿಕಾರಿ ಕಚೇರಿ. ಅರ್ಜಿಯನ್ನು ಎ-1 ಫಾರ್ಮ್‌ನಲ್ಲಿ ಕೇಂದ್ರ ಗೃಹ ಇಲಾಖೆಯ ಆಯುಧ ಲೈಸೆನ್ಸ್ ಪೋರ್ಟಲ್ ಮೂಲಕ ತುಂಬಬೇಕು. ಗುರುತಿನ ಚೀಟಿ, ವಾಸದ ದಾಖಲೆ, ಜನ್ಮ ದಿನಾಂಕದ ದಾಖಲೆ, ಫೋಟೋ, ದೇಹ ಮತ್ತು ಮನಸ್ಸು ಎರಡೂ ಸರಿ ಇವೆ ಎಂಬ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಬೇಕು.

ಅರ್ಜಿ ಗೆಲ್ಲುವುದು ಸೋಲುವುದು "ಯಾಕೆ ಬೇಕು" ಎನ್ನುವ ಒಂದು ಕಲಂನಲ್ಲಿ. "ಆತ್ಮರಕ್ಷಣೆಗಾಗಿ" ಎಂದು ಒಂದೇ ಪದ ಬರೆದು ಸುಮ್ನೆ ಕೂತರೆ ಪ್ರಯೋಜನವಿಲ್ಲ. ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ನಗದು ವಹಿವಾಟು ಇದ್ದರೆ ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಓಡಾಟ ಎಂಬ ವಿವರ ಜೋಡಿಸಿ. ಠಾಣೆಯಿಂದ ವಿಚಾರಣೆಗೆ ಬಂದಾಗ ಮನೆಯವರೂ ಅದೇ ಮಾತು ಹೇಳುವಂತಿರಲಿ, ಯಾಕೆಂದರೆ ಮನೆಯವರಿಗೇ ಗೊತ್ತಿಲ್ಲದ ಬೆದರಿಕೆಯನ್ನು ಯಾರೂ ನಂಬುವುದಿಲ್ಲ.

ನಿಯಮದ ಪ್ರಕಾರ ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ಕೈಗೆ ಬರುವ ಹೊತ್ತಿಗೆ ಇದಕ್ಕಿಂತ ಜಾಸ್ತಿಯೇ ಆಗಬಹುದು. ತಿರಸ್ಕಾರ ಆದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದು ಬೇಕು. "ನಾನು ಮಾಡಿಸಿಕೊಡ್ತೀನಿ" ಎನ್ನುವ ಏಜೆಂಟರಿಗೆ ರೊಕ್ಕ ಕೊಡಬೇಡಿ. ಬೇರೆ ರಾಜ್ಯದಿಂದ ತಂದುಕೊಟ್ಟ ನಕಲಿ ಲೈಸೆನ್ಸ್ ಇಟ್ಟುಕೊಂಡು ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ. ಪ್ರತಿ ಅಸಲಿ ಲೈಸೆನ್ಸ್‌ಗೂ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ಇರುತ್ತದೆ. ಅದಿಲ್ಲದ ಲೈಸೆನ್ಸ್ ಈಗ ಬರೀ ಕಾಗದ.

ಹಂತ 3: ಕೊಳ್ಳುವ ಮೊದಲೇ ಕಲಿಯಿರಿ

ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಎಸ್‌ಪಿ ಕಚೇರಿಯಲ್ಲಿ ಮುಂದಿನ ತಂಡ ಯಾವಾಗ ಎಂದು ವಿಚಾರಿಸಿ ಹೆಸರು ಬರೆಸಿ. ಪ್ರಮಾಣಪತ್ರ ಅರ್ಜಿಗೂ ಒದಗುತ್ತದೆ. ಆದರೆ ಅಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ರೈಫಲ್. ಉದ್ದದ ಬಂದೂಕನ್ನು ತಪ್ಪು ಕಡೆ ತಿರುಗಿಸಲು ಮೈಯೇ ತಿರುಗಬೇಕು, ಕೈಬಂದೂಕಿಗೆ ಮಣಿಕಟ್ಟು ಸ್ವಲ್ಪ ವಾಲಿದರೆ ಸಾಕು. ಹಾಗಾಗಿ ಶೂಟಿಂಗ್ ರೇಂಜ್‌ನಲ್ಲಿ ಕೈಬಂದೂಕನ್ನೇ ಹಿಡಿದು ಕಲಿಸುವವರನ್ನು ಹುಡುಕಿ. ನಮ್ಮೂರುಗಳಲ್ಲಿ ನಿವೃತ್ತ ಸೈನಿಕರಿಗೆ ಕೊರತೆ ಇಲ್ಲ. ಆದರೂ ಸೈನ್ಯದಲ್ಲಿದ್ದವರೆಲ್ಲ ಪಿಸ್ತೂಲು ಕಲಿಸಬಲ್ಲರು ಅಂತಲ್ಲ, ಕೇಳಿಕೊಂಡು ಹೋಗಿ.

ಕಲಿಸುವವರು ಯಾರೇ ಇರಲಿ, ನಾಲ್ಕು ಮಾತು ಮಾತ್ರ ಬದಲಾಗುವುದಿಲ್ಲ. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಿರಿ. ನಾಶ ಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಹೊರಗೆ ನೇರವಾಗಿರಲಿ. ಗುರಿಯ ಹಿಂದೆ ಏನಿದೆ ಎಂದು ಗೊತ್ತಿರಲಿ. ಕೊನೆಯದನ್ನು ನಮ್ಮ ಎರೆ ಹೊಲದವರು ಎರಡು ಸಲ ಓದಬೇಕು. ಸಪಾಟಾದ ನೆಲ, ಗುಡ್ಡ ಅಡ್ಡ ಇಲ್ಲ, ನಮಗೆ ಸಿಗುವ .32 ಅಳತೆಯ ಗುಂಡು ಒಂದು ಕಿಲೋಮೀಟರ್‌ಗೂ ಮುಂದೆ ಹೋಗಬಲ್ಲದು, ಆಚೆ ಹೊಲದಲ್ಲಿ ಕಬ್ಬು ಕಡಿಯುವವರಿರುತ್ತಾರೆ. "ನಮ್ಮ ಹೊಲದಲ್ಲೇ ಪ್ರಾಕ್ಟೀಸ್ ಮಾಡ್ತೀನಿ" ಎನ್ನುವುದನ್ನು ತಲೆಯಿಂದ ತೆಗೆಯಿರಿ.

ಹಂತ 4: ರಿವಾಲ್ವರೋ ಪಿಸ್ತೂಲೋ

ಮೊದಲು ಬೋರ್. ಬೋರ್ ಎಂದರೆ ನಳಿಗೆಯ ಒಳ ಅಳತೆ. ಕಾನೂನು ಇದನ್ನು ಎರಡು ಪಾಲು ಮಾಡಿದೆ. 9 ಎಂಎಂ, .38, .455 ಇವು ನಿಷೇಧಿತ ಬೋರ್, ಜಿಲ್ಲೆಯ ಕಚೇರಿಯಲ್ಲಿ ಕೊಡುವಂಥವಲ್ಲ. ನಿಮಗೆ ಸಿಗುವುದು ನಿಷೇಧಿತವಲ್ಲದ ಬೋರ್: ವಾಸ್ತವದಲ್ಲಿ .32, ಇಲ್ಲವೇ .22.

ಇನ್ನು ಜಾತಿ. ರಿವಾಲ್ವರ್‌ನಲ್ಲಿ ತಿರುಗುವ ಸಿಲಿಂಡರ್ ಇರುತ್ತದೆ, ಅದರಲ್ಲಿ ಕಾಡತೂಸು ಕೂರಲು ಸಾಮಾನ್ಯವಾಗಿ 6 ಮನೆ. ಪಿಸ್ತೂಲಿನಲ್ಲಿ ಕಾಡತೂಸುಗಳು ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ ಕೂರುತ್ತವೆ. ಮೇಲಿನ ಸ್ಲೈಡ್ ಹಿಂದೆ ಎಳೆದು ಬಿಟ್ಟರೆ ಒಂದು ಚೇಂಬರ್‌ಗೆ, ಅಂದರೆ ನಳಿಗೆಯ ಹಿಂದಿನ ಗೂಡಿಗೆ, ಏರುತ್ತದೆ.

ನನ್ನ ಮಾತು ನೇರವಾಗಿಯೇ ಇರಲಿ: ಮೊದಲ ಆಯುಧ ರಿವಾಲ್ವರ್ ಆಗಿರಲಿ. ಪಿಸ್ತೂಲು ತೆಳ್ಳಗಿರುತ್ತದೆ, ಅಂಗಿಯೊಳಗೆ ಚೆನ್ನಾಗಿ ಅಡಗುತ್ತದೆ, ನೋಡಲೂ ಚೆಂದ, ಒಪ್ಪುತ್ತೇನೆ. ಆದರೆ ಮ್ಯಾಗಜಿನ್ ತೆಗೆದ ಮೇಲೂ ಚೇಂಬರ್‌ನಲ್ಲಿ ಒಂದು ಉಳಿದಿರುತ್ತದೆ ಎನ್ನುವುದನ್ನು ಮರೆತು, ಖಾಲಿ ಇದೆ ಎಂದುಕೊಂಡು ಟ್ರಿಗರ್ ಒತ್ತಿ ಆಗುವ ಅನಾಹುತ ಎಲ್ಲ ದೇಶದಲ್ಲೂ ಇದ್ದದ್ದೇ. ರಿವಾಲ್ವರ್ ಬಿಚ್ಚಿದರೆ ಆರೂ ಮನೆ ಕಣ್ಣ ಮುಂದೆ. ಕಾಡತೂಸು ಹುಸಿ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಮನೆ ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಕೆಟ್ಟದ್ದನ್ನು ಹೊರಹಾಕಬೇಕು, ಕೈ ನಡುಗುವ ಹೊತ್ತಲ್ಲಿ ಅದಕ್ಕೆ ತುಂಬಾ ಅಭ್ಯಾಸ ಬೇಕು. ವರ್ಷಕ್ಕೆ ಕೊಳ್ಳಬಹುದಾದ ಕಾಡತೂಸಿಗೂ ಲೈಸೆನ್ಸ್‌ನಲ್ಲಿ ಮಿತಿ ಇರುತ್ತದೆ. ಅಷ್ಟು ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಂದ ಆಗುತ್ತದೆ ಹೇಳಿ?

ರಿವಾಲ್ವರ್ ಟ್ರಿಗರ್ ಬಿಗಿ ಎನ್ನುವ ದೂರು ಇದೆ. ಡಬಲ್ ಆಕ್ಷನ್‌ನಲ್ಲಿ, ಅಂದರೆ ಕುದುರೆ (ಕಾಡತೂಸಿಗೆ ಬಡಿಯುವ ಹಿಂದಿನ ಸುತ್ತಿಗೆ) ಎತ್ತುವುದು ಬಿಡುವುದು ಎರಡೂ ಕೆಲಸ ಟ್ರಿಗರೇ ಮಾಡುವಾಗ, ಉದ್ದಕ್ಕೆ ಗಟ್ಟಿಯಾಗಿ ಎಳೆಯಬೇಕು. ಮೈಮೇಲೆ ಒಯ್ಯುವ ಆಯುಧಕ್ಕೆ ಅದು ದೋಷವಲ್ಲ, ಕಾವಲು. ಅದನ್ನು ಸಡಿಲ ಮಾಡಿಕೊಡುತ್ತೇನೆ ಎನ್ನುವ ಮಿಸ್ತ್ರಿಯ ಕೈಗೆ ಕೊಡಬೇಡಿ.

ಮಾರುಕಟ್ಟೆಯಲ್ಲಿ ಏನಿದೆ? ಆಮದು 1980ರ ದಶಕದಲ್ಲೇ ಬಂದ್ ಆಗಿದೆ. ಹಾಗಾಗಿ ಹಳೇ ವಿದೇಶಿ ಆಯುಧಗಳಿಗೆ ಹುಚ್ಚು ಬೆಲೆ, ಆ ಬೆಲೆಗೆ ಗುಣಕ್ಕೂ ಸಂಬಂಧವಿಲ್ಲ. ಹೊಸದು ಅಂದರೆ ಮುಖ್ಯವಾಗಿ ಸರ್ಕಾರಿ ಕಾರ್ಖಾನೆಗಳದ್ದು. ಹಿಂದಿನ ಆರ್ಡ್‌ನೆನ್ಸ್ ಫ್ಯಾಕ್ಟರಿಗಳು 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾದವು, ಅದರಲ್ಲಿ ಬಂದೂಕಿನ ಕೆಲಸ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾದ್ದು. 2014ರಲ್ಲಿ ಬಂದ "ನಿರ್ಭೀಕ್" ಸುಮಾರು 500 ಗ್ರಾಂ ತೂಕದ .32 ರಿವಾಲ್ವರ್, ಆಗ ಬೆಲೆ ಸುಮಾರು 1.22 ಲಕ್ಷ ರೂಪಾಯಿ ಇತ್ತು. 2023ರ ಆಗಸ್ಟ್‌ನಲ್ಲಿ ಬಂದ "ಪ್ರಬಲ್" ಕಾಡತೂಸು ಬಿಟ್ಟು 675 ಗ್ರಾಂ, ನಳಿಗೆ 76 ಮಿಲಿಮೀಟರ್, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಹಳೇ ಮಾದರಿಗಳು ನಡುವೆ ಮುರಿದುಕೊಂಡಂತೆ ತೆರೆಯುತ್ತವೆ. ಪಕ್ಕಕ್ಕೆ ತೆರೆಯುವುದನ್ನೇ ನಾನು ಹೇಳುತ್ತೇನೆ, ಚೌಕಟ್ಟು ಇಡಿಯಾಗಿರುತ್ತದೆ, ತುಂಬುವುದೂ ಸಲೀಸು. ತೂಕ ಕಮ್ಮಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಹಗುರವಾದದ್ದು ಹಾರಿಸಿದಾಗ ಕೈಗೆ ಜಾಸ್ತಿ ಒದೆಯುತ್ತದೆ. ಅಂಗಡಿಯಲ್ಲಿ ಖಾಲಿ ಮಾಡಿಸಿ ಹಿಡಿದು ನೋಡಿ: ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಆರಾಮಾಗಿ ಕೂರಬೇಕು, ಮಣಿಕಟ್ಟು ಮುಂಗೈ ಒಂದೇ ಗೆರೆಯಲ್ಲಿರಬೇಕು.

ಹಂತ 5: ಖರೀದಿ

ಲೈಸೆನ್ಸ್ ಇರುವ ಡೀಲರ್ ಬಳಿ ಮಾತ್ರ. ಭೀಮಾ ತೀರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಾಡ ಪಿಸ್ತೂಲು ಎಷ್ಟು ಸುಲಭಕ್ಕೆ ಸಿಗುತ್ತದೆ, ಎಷ್ಟು ಮನೆ ಹಾಳು ಮಾಡಿದೆ ಎಂದು ಗೊತ್ತೇ ಇದೆ. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, 5 ವರ್ಷದವರೆಗೂ ಜೈಲು. ನಿಷೇಧಿತ ಬೋರ್ ಆಗಿದ್ದರೆ 7ರಿಂದ 14 ವರ್ಷ. ಅದಲ್ಲದೆ ಕಳಪೆ ಕಬ್ಬಿಣದ ನಳಿಗೆ ಹಿಡಿದವನ ಕೈಯಲ್ಲೇ ಸಿಡಿಯುತ್ತದೆ.

ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೋ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಇವತ್ತು ರೊಕ್ಕ ಕೊಟ್ಟು ಇವತ್ತೇ ಒಯ್ಯುವ ವ್ಯವಹಾರ ಇದಲ್ಲ. ಆಯುಧದ ನಂಬರ್ ದಾಖಲೆಯ ಜೊತೆ ತಾಳೆ ನೋಡಿ. ಸಿಲಿಂಡರ್ ಅಲುಗಾಡುತ್ತದೆಯೇ, ಕುದುರೆ ಎತ್ತಿದಾಗ ಗಟ್ಟಿ ನಿಲ್ಲುತ್ತದೆಯೇ, ನಳಿಗೆಯೊಳಗೆ ತುಕ್ಕಿನ ಗುಳಿ ಇವೆಯೇ, ಇಷ್ಟನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ.

ಕಾಡತೂಸಿನಲ್ಲಿ ಒಂದು ಗೊಂದಲ ಇದೆ, ದಯವಿಟ್ಟು ಗಮನಿಸಿ. ಲೈಸೆನ್ಸ್‌ನಲ್ಲಿ ಬರೀ ".32" ಎಂದಿರುತ್ತದೆ. ಆದರೆ .32 ರಿವಾಲ್ವರ್‌ನ ಕಾಡತೂಸು ಬೇರೆ, .32 ಪಿಸ್ತೂಲಿನದು ಬೇರೆ. ರಿವಾಲ್ವರ್‌ನದು ಉದ್ದ, ತಳದಲ್ಲಿ ಅಗಲ ಅಂಚು. ಪಿಸ್ತೂಲಿನದು ಗಿಡ್ಡ. ಪಿಸ್ತೂಲಿನ ಕಾಡತೂಸು ಕೆಲವು ರಿವಾಲ್ವರ್‌ಗಳಲ್ಲಿ ಹೊಂದಿಕೊಂಡಂತೆ ಕಂಡರೂ ಹಾಕಬಾರದು. ಡಬ್ಬಿ ಮೇಲೆ ಓದಿಯೇ ತಗೊಳ್ಳಿ, ಬಿಲ್ ಇಟ್ಟುಕೊಳ್ಳಿ. ಆಯುಧ ತಂದ ಮೇಲೆ ಲೈಸೆನ್ಸ್ ಕೊಟ್ಟ ಕಚೇರಿಗೆ ತೋರಿಸಿ ನಮೂದು ಮಾಡಿಸುವುದು ನಿಮ್ಮ ಕೆಲಸ.

ಹಂತ 6: ಹೋಲ್‌ಸ್ಟರ್ ಮತ್ತು ಬೆಲ್ಟ್

ಲಕ್ಷಗಟ್ಟಲೆ ಕೊಟ್ಟು ರಿವಾಲ್ವರ್ ಕೊಂಡವರು ಹೋಲ್‌ಸ್ಟರ್‌ಗೆ ಇನ್ನೂರು ರೂಪಾಯಿ ಚೌಕಾಸಿ ಮಾಡುತ್ತಾರೆ. ತಲೆಕೆಳಗಾದ ಲೆಕ್ಕ. ಅಚಾನಕ್ ಗುಂಡು ಹಾರುವುದನ್ನು ತಡೆಯುವ ಮೊದಲ ವಸ್ತು ಹೋಲ್‌ಸ್ಟರೇ. ನೋಡಬೇಕಾದ್ದು ಇಷ್ಟು: ಟ್ರಿಗರ್ ಮತ್ತು ಅದರ ಸುತ್ತಿನ ಬಳೆ ಪೂರ್ತಿ ಮುಚ್ಚಬೇಕು. ಆಯುಧ ತೆಗೆದ ಮೇಲೂ ಬಾಯಿ ತೆರೆದೇ ನಿಲ್ಲುವಷ್ಟು ಗಟ್ಟಿ ಇರಬೇಕು. ತಲೆಕೆಳಗು ಹಿಡಿದರೂ (ಖಾಲಿ ಆಯುಧದಲ್ಲಿ ನೋಡಿ) ಬೀಳಬಾರದು. ನಿಮ್ಮ ಮಾದರಿಗೇ ಹೊಲಿದದ್ದಾಗಿರಬೇಕು. ಎಲ್ಲಕ್ಕೂ ಆಗುತ್ತದೆ ಎನ್ನುವ ಮೆತ್ತನೆ ಬಟ್ಟೆಯ ಚೀಲ ಬೇಡ.

ಜಾಗ: ಬಲಗೈಯವರಿಗೆ ಬಲ ಸೊಂಟದ ಮೇಲೆ, ಸ್ವಲ್ಪ ಹಿಂದಕ್ಕೆ. ಹೊಟ್ಟೆ ಮುಂದೆ ಸಿಕ್ಕಿಸುವುದು ವಿಡಿಯೋಗಳಲ್ಲಿ ಜಾಸ್ತಿ, ಆದರೆ ಕೂತಾಗ ನಳಿಗೆ ತೊಡೆಯ ರಕ್ತನಾಳದ ಕಡೆ ಮುಖ ಮಾಡಿರುತ್ತದೆ, ಹೊಸಬರಿಗೆ ಬೇಡವೇ ಬೇಡ. ಬೆನ್ನಿನ ನಟ್ಟನಡುವೆಯೂ ಬೇಡ, ಬೈಕ್‌ನಿಂದ ಬಿದ್ದರೆ ಬೆನ್ನುಮೂಳೆಗೆ ಪೆಟ್ಟು. ಬೆಲ್ಟ್ ದಪ್ಪ, ಗಟ್ಟಿ ಇರಲಿ. ಧೋತರ ಉಡುವವರು, ಹೌದು ಕೇಳಿದ್ದಾರೆ, ಒಳಗೆ ಪ್ರತ್ಯೇಕ ಬೆಲ್ಟ್ ಕಟ್ಟಿಕೊಳ್ಳದೆ ಒಯ್ಯಬಾರದು. ಧೋತರದ ಗಂಟಿಗೆ ಸಿಕ್ಕಿಸಿದ ಆಯುಧ ಗಂಟು ಸಡಿಲಾದಾಗ ಎಲ್ಲಿ ಬೀಳುತ್ತದೋ ಹೇಳಲಾಗದು. ಮೇಲೆ ಉದ್ದದ ನೆಹರು ಶರ್ಟ್ ಇದ್ದರೆ ಮುಚ್ಚಲು ಸಾಕು.

ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಹಾಕುವುದು, ಬೈಕ್ ಡಿಕ್ಕಿ, ಜೀಪಿನ ಡ್ಯಾಶ್‌ಬೋರ್ಡ್, ಅಂಗಡಿಯ ಗಲ್ಲಾ ಪೆಟ್ಟಿಗೆ, ಇವೆಲ್ಲ "ನಿಮ್ಮ ಹಿಡಿತ" ಅಲ್ಲ. ವಾಪಸ್ ಹೋಲ್‌ಸ್ಟರ್‌ಗೆ ಇಡುವಾಗ ಅವಸರ ಬೇಡ. ಅಂಗಿ ಪೂರ್ತಿ ಎತ್ತಿ, ಬೆರಳು ಹೊರಗಿಟ್ಟು, ಕಣ್ಣಿಂದ ನೋಡುತ್ತಾ ನಿಧಾನ ಇಳಿಸಿ. ಅಂಗಿಯ ತುದಿ ಟ್ರಿಗರ್‌ಗೆ ಸಿಕ್ಕಿದರೆ ಬೆರಳು ಒತ್ತಿದಷ್ಟೇ ಕೆಲಸ ಮಾಡುತ್ತದೆ.

ಶೌಚಾಲಯಕ್ಕೆ ಹೋದಾಗ ಹೋಲ್‌ಸ್ಟರ್‌ನಿಂದ ತೆಗೆದು ಪಕ್ಕದಲ್ಲಿಟ್ಟು ಮರೆತು ಬರುವವರಿದ್ದಾರೆ. ತೆಗೆಯಬೇಡಿ, ಬೆಲ್ಟ್ ಸಮೇತ ಕಾಲ ಮೇಲೇ ಇರಲಿ.

ಹಂತ 7: ತುಂಬುವುದು, ಖಾಲಿ ಮಾಡುವುದು, ಮನೆಯಲ್ಲಿ ಇಡುವುದು

ಮನೆಯಲ್ಲಿ ಒಂದೇ ಜಾಗ ಗೊತ್ತು ಮಾಡಿ, ಅಲ್ಲಿ ಮಾತ್ರ ತುಂಬುವುದು, ಖಾಲಿ ಮಾಡುವುದು. ಮಕ್ಕಳು ಇರಬಾರದು, ಫೋನ್ ಎತ್ತಬಾರದು. ರಿವಾಲ್ವರ್ ಆದರೆ ಸಿಲಿಂಡರ್ ತೆರೆದು ಎಲ್ಲ ಹೊರಹಾಕಿ, ಎಣಿಸಿ, ಪ್ರತಿ ಮನೆ ಬೆರಳಲ್ಲಿ ಮುಟ್ಟಿ. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರ್ ನೋಡಬೇಕು. ಈ ಕ್ರಮ ಹಿಂದುಮುಂದಾದರೆ ಮ್ಯಾಗಜಿನ್‌ನಿಂದ ಹೊಸದೊಂದು ಚೇಂಬರ್‌ಗೆ ಏರಿ ಕೂರುತ್ತದೆ. ಹಳೇ ರಿವಾಲ್ವರ್‌ಗಳಲ್ಲಿ ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯುವ ಭಾಗ ಇರುವುದಿಲ್ಲ. ಅಂಥದ್ದಾದರೆ ಕುದುರೆಯ ಕೆಳಗಿನ ಮನೆ ಖಾಲಿ ಬಿಡಿ, ಐದೇ ಸಾಕು.

ಒಯ್ಯದ ಹೊತ್ತಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಲಾಕರ್‌ನಲ್ಲಿ ಖಾಲಿ ಆಯುಧ, ಬೇರೆ ಕೀಲಿಯ ಪೆಟ್ಟಿಗೆಯಲ್ಲಿ ಕಾಡತೂಸು. ದಿಂಬಿನ ಕೆಳಗೆ, ಬಟ್ಟೆಯ ಟ್ರೆಜರಿಯಲ್ಲಿ, ದೇವರ ಜಗಲಿ ಮೇಲೆ ಅಲ್ಲ. ಆಯುಧ ಪೂಜೆಗೂ ಖಾಲಿ ಮಾಡಿಯೇ ಇಡಿ, ಪೂಜೆ ಮುಗಿದ ಕೂಡಲೇ ಒಳಗೆ.

ಚರ್ಮದ ಹೋಲ್‌ಸ್ಟರ್‌ನಲ್ಲೇ ವಾರಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿದು ಲೋಹ ತಿನ್ನುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಬೆವರು, ಖಾನಾಪುರ ಕಡೆಯ ಮಳೆಗಾಲದಲ್ಲಿ ತೇವ, ಎರಡೂ ತುಕ್ಕಿಗೆ ದಾರಿ. ಮೈಮೇಲೆ ಒಯ್ದ ದಿನ ಒಣ ಬಟ್ಟೆಯಿಂದ ಒರೆಸಿ ತೆಳ್ಳಗೆ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಅಲ್ಲ, ಗನ್ ಆಯಿಲ್.

ಹಂತ 8: ಎಲ್ಲಿಗೆ ಒಯ್ಯಬಾರದು

ಮದುವೆ, ಜಾತ್ರೆ, ಮೆರವಣಿಗೆ, ಸಾರ್ವಜನಿಕ ಸಭೆ: ನಿಯಮ 32 ಇವನ್ನು ಹೆಸರು ಹೇಳಿಯೇ ನಿಷೇಧಿಸಿದೆ. ಸವದತ್ತಿ ಯಲ್ಲಮ್ಮ, ಬನಶಂಕರಿ, ಸಿದ್ಧೇಶ್ವರ ಜಾತ್ರೆ, ಬೆಳಗಾವಿಯ ಗಣಪತಿ ವಿಸರ್ಜನೆ, ಎಲ್ಲವೂ ಇದರಲ್ಲಿ ಬಂತು. ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೋರ್ಟ್, ಜಿಲ್ಲಾಡಳಿತದ ಕಚೇರಿ ಒಳಗೂ ಬೇಡ. ಕುಡಿಯುವ ಯೋಚನೆ ಇರುವ ಸಂಜೆ ಆಯುಧ ಲಾಕರ್‌ನಲ್ಲಿ, ಇದರಲ್ಲಿ ಚರ್ಚೆಯೇ ಇಲ್ಲ.

ಗಡಿ ಜಿಲ್ಲೆಯವರಿಗೆ ಇನ್ನೊಂದು ಕುಣಿಕೆ. ಲೈಸೆನ್ಸ್‌ನಲ್ಲಿ "ವ್ಯಾಪ್ತಿ" ಎಂಬ ಕಲಂ ಇರುತ್ತದೆ. ಅಲ್ಲಿ ಕರ್ನಾಟಕ ಮಾತ್ರ ಎಂದಿದ್ದರೆ ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ, ಝಳಕಿ ದಾಟಿ ಸೊಲ್ಲಾಪುರಕ್ಕೆ ಆ ಆಯುಧ ಬರುವಂತಿಲ್ಲ. ದಿನಾ ಸೊಲ್ಲಾಪುರ ಮಾರುಕಟ್ಟೆಗೆ ಹೋಗುವವರಿಗೆ ಗಡಿ ಅನ್ನೋದು ರಸ್ತೆ ಬದಿಯ ಒಂದು ಬೋರ್ಡ್ ಅಷ್ಟೇ. ಆದರೆ ಅದರಾಚೆ ನಿಮ್ಮ ಬಳಿ ಇರುವುದು ಲೈಸೆನ್ಸ್ ಇಲ್ಲದ ಆಯುಧ. ಅಂಥ ಓಡಾಟ ಇದ್ದರೆ ಅರ್ಜಿಯಲ್ಲೇ ಹೆಚ್ಚಿನ ವ್ಯಾಪ್ತಿ ಕೇಳಿ, ಕಾರಣ ತೋರಿಸಿ.

ಸಾಂಬ್ರಾದಿಂದ ವಿಮಾನ ಹತ್ತುವವರು ಕೈಚೀಲವನ್ನು ತಲೆಕೆಳಗು ಮಾಡಿ ಕೊಡವಿ ನೋಡಿ. ಮರೆತ ಒಂದು ಕಾಡತೂಸು ಸಾಕು, ತಪಾಸಣೆಯಲ್ಲಿ ಸಿಕ್ಕಿ ಕೇಸು ಆಗುತ್ತದೆ. ಆಯುಧ ಒಯ್ಯಲೇಬೇಕಾದರೆ ವಿಮಾನ ಕಂಪನಿಗೆ ಮೊದಲೇ ತಿಳಿಸಿ, ಖಾಲಿ ಮಾಡಿ, ಕೌಂಟರ್‌ನಲ್ಲಿ ಘೋಷಿಸಿ ಲಗೇಜ್‌ಗೆ ಹಾಕಬೇಕು.

ಹಂತ 9: ತೆಗೆಯುವ ಹೊತ್ತು ಬಂದರೆ

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ಹಿಂದಿನ ಐಪಿಸಿಯಲ್ಲಿ ಅವೇ 96ರಿಂದ 106 ಇದ್ದವು. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ನಿಜವಾದ ಭಯ ಇರುವಾಗ ಪ್ರಾಣ ತೆಗೆಯುವ ಮಟ್ಟಕ್ಕೂ ಹಕ್ಕು ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹಾರಿಸಿದರೆ ಕೊಲೆ ಕೇಸು ಎದುರಿಸಬೇಕಾಗಬಹುದು. ಹೆದರಿಸಲು ಅಂತ ಹೊರತೆಗೆಯುವುದು, ಬಸ್ಸಿನ ಸೀಟಿಗೆ, ಪಾರ್ಕಿಂಗ್‌ಗೆ, ಬದುವಿಗೆ ಆಗುವ ಜಗಳದಲ್ಲಿ ಸೊಂಟ ಮುಟ್ಟಿ ತೋರಿಸುವುದು ಬೆದರಿಕೆಯ ಅಪರಾಧ. ಆಯುಧ ಮೈಮೇಲಿರುವ ದಿನ ಮಾತಿನ ಜಗಳದಿಂದ ನೀವೇ ಮೊದಲು ಹಿಂದೆ ಸರಿಯಬೇಕು, ಬೈಸಿಕೊಂಡಾದರೂ ಸರಿ. ಇದು ಆಗದ ಸ್ವಭಾವದವರಿಗೆ ನಾನು ರಿವಾಲ್ವರ್ ಬೇಡ ಎಂದೇ ಹೇಳುತ್ತೇನೆ, ಲೈಸೆನ್ಸ್ ಸಿಕ್ಕಿದ್ದರೂ.

ಹಾರಿಸಿದ್ದೇ ಆದರೆ ಸುರಕ್ಷಿತ ಜಾಗಕ್ಕೆ ಸರಿದು 112ಕ್ಕೆ ಕರೆ ಮಾಡಿ, ಗಾಯಗೊಂಡವರಿಗೆ ಆಂಬುಲೆನ್ಸ್ ಕೇಳಿ. ಬಿದ್ದ ಖಾಲಿ ಕಾಡತೂಸು ಆಯಬೇಡಿ, ಪೊಲೀಸರು ಬಂದಾಗ ಆಯುಧ ಕೈಯಲ್ಲಿ ಹಿಡಿದಿರಬೇಡಿ.

ಹಂತ 10: ಕಾಗದದ ಕೆಲಸ ಮುಗಿಯುವುದಿಲ್ಲ

ಲೈಸೆನ್ಸ್ 5 ವರ್ಷಕ್ಕೆ, ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಕೊಡಿ. ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರು ಇತ್ತು. ಚುನಾವಣೆ ಬಂದಾಗ ಠಾಣೆಯಿಂದ ಕರೆ ಬರುತ್ತದೆ, ಆಯುಧ ಜಮಾ ಮಾಡಿ ರಸೀದಿ ತಗೊಳ್ಳಿ. ಅದರಲ್ಲಿ ಆಯುಧದ ನಂಬರ್, ಕಾಡತೂಸಿನ ಲೆಕ್ಕ ಎರಡೂ ಇರಲಿ, ವಾಪಸ್ ಪಡೆಯುವಾಗ ಠಾಣೆಯಲ್ಲೇ ತಾಳೆ ನೋಡಿ. ಕಳೆದರೆ, ಕಳುವಾದರೆ ಅವತ್ತೇ ಠಾಣೆಗೆ ಬರಹದಲ್ಲಿ ತಿಳಿಸಿ.

ಅಜ್ಜನ ರಿವಾಲ್ವರ್ ಮನೆಯಲ್ಲಿದೆ ಎಂದು ಕೇಳುವವರೂ ಬಹಳ. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಅದು ಆಸ್ತಿಯಂತೆ ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಠಾಣೆಗೋ ಡೀಲರ್‌ಗೋ ಜಮಾ ಮಾಡಿ, ಆಮೇಲೆ ವಾರಸುದಾರರಾಗಿ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಅಜ್ಜ ಇನ್ನೂ ಇದ್ದು, 70 ದಾಟಿದ್ದರೆ ಅಥವಾ ಲೈಸೆನ್ಸ್ ತಗೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಲು 25ನೇ ನಿಯಮದಲ್ಲಿ ಅವಕಾಶ ಇದೆ. ಉಳಿದ ಮಕ್ಕಳ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಡಿ.